ಜಾಲತಾಣಕ್ಕೆ ಕಡತ ಏರಿಸುವವರ ಗಮನಕ್ಕೆ

ಒಂದು ಅರ್ಜಿ ನಮೂನೆಗಾಗಿ ಅರ್ಧ ದಿನದ ತೋಟದ ಕೆಲಸ ಬಿಟ್ಟು, ಬಸ್ಸು ಹಿಡಿದು ಕಚೇರಿಗೆ ಬರುವ ಸದಸ್ಯರು ಈಗಲೂ ಇದ್ದಾರೆ. ಆ ನಮೂನೆ, ಮಹಾಸಭೆಯ ತಿಳಿವಳಿಕೆ ಪತ್ರ, ಕೊಳೆರೋಗದ ಕರಪತ್ರ ಇವೆಲ್ಲ ಜಾಲತಾಣದಲ್ಲಿದ್ದರೆ ಮನೆಯಲ್ಲೇ ಇಳಿಸಿಕೊಳ್ಳಬಹುದು. ಇದಕ್ಕೆ ಪರಿಣತರೇ ಬೇಕೆಂದಿಲ್ಲ. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್‌ನಂಥ ತಂತ್ರಾಂಶವಿದ್ದರೆ ಟೈಪು ಬಲ್ಲ ಗುಮಾಸ್ತರೋ, ಕಾಲೇಜಿಗೆ ಹೋಗುವ ಮಕ್ಕಳೋ ಈ ಕೆಲಸ ನಡೆಸಬಲ್ಲರು. ಸಂಘಗಳಲ್ಲೂ ಬೆಳೆಗಾರರ ಗುಂಪುಗಳಲ್ಲೂ ಈ ಹೊಣೆ ಹೊತ್ತಿರುವವರಿಗಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ಕಡತ ಹಗುರವಾಗಿರಲಿ. ಅಚ್ಚು ತೆಗೆದ ಹಾಳೆಯನ್ನು ಮತ್ತೆ ಸ್ಕ್ಯಾನ್ ಮಾಡಿ ಏರಿಸುವುದು ವ್ಯರ್ಥ ಶ್ರಮ. ಗಣಕದಲ್ಲಿ ಬರೆದದ್ದನ್ನು ಅಲ್ಲಿಂದಲೇ ಪಿಡಿಎಫ್ ಮಾಡಿ ಉಳಿಸಬೇಕು. ಹಳೆಯ ಹಾಳೆ ಸ್ಕ್ಯಾನ್ ಮಾಡಲೇಬೇಕಾದರೆ ಅಂಗುಲಕ್ಕೆ 600 ಚುಕ್ಕಿಯ ಬದಲು 150 ಇಡಿ. ಒಟ್ಟು ಚುಕ್ಕಿಗಳು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವವರಿಗೆ ಇದರ ಬೆಲೆ ಗೊತ್ತು. ಬರಹ ಯೂನಿಕೋಡ್ ಅಕ್ಷರದಲ್ಲಿರಲಿ. ಹಳೆಯ ಫಾಂಟಿನ ವರ್ಡ್ ಕಡತವನ್ನು ಹಾಗೆಯೇ ಹಾಕಿದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ, ನಡುವೆ ಜಾಗ ಬಿಡದೆ ಕೊಡುವುದು ಲೇಸು.

ಏರಿಸುವ ಕೆಲಸ ಸುಲಭ. ಪುಟ ತೆರೆದು 'ಫೈಲ್' ಎಂಬ ಭಾಗ ಸೇರಿಸಿ, ಕಡತ ಆರಿಸಿದರೆ ಕೊಂಡಿಯೂ ಇಳಿಸಿಕೊಳ್ಳುವ ಗುಂಡಿಯೂ ತಾವಾಗಿ ಬರುತ್ತವೆ. 'ಇಲ್ಲಿ ಒತ್ತಿ' ಎಂದಷ್ಟೇ ಬರೆಯದೆ, 'ಬೋರ್ಡೋ ದ್ರಾವಣ ತಯಾರಿಕೆ, ಪಿಡಿಎಫ್, 2 ಪುಟ' ಎಂದು ಬರೆಯಿರಿ.

ತೊಡಕು ಇರುವುದು ಹಳೆಯ ಕಡತವನ್ನು ಬದಲಿಸುವಲ್ಲಿ. ಅದೇ ಹೆಸರಿನ ಹೊಸ ಕಡತ ಏರಿಸಿದರೆ ಹಳೆಯದು ಅಳಿಯುತ್ತದೆಂದು ಅನೇಕರ ನಂಬಿಕೆ. ಹಾಗಾಗುವುದಿಲ್ಲ. ವರ್ಡ್‌ಪ್ರೆಸ್ ಸಾಮಾನ್ಯವಾಗಿ ವರ್ಷ, ತಿಂಗಳುಗಳ ಬೇರೆಬೇರೆ ಕಪಾಟಿನಲ್ಲಿ ಕಡತಗಳನ್ನು ಇಡುತ್ತದೆ. ಒಂದೇ ತಿಂಗಳಲ್ಲಿ ಅದೇ ಹೆಸರು ಬಂದರೆ ಹೊಸದರ ಕೊನೆಗೆ 1 ಎಂಬ ಅಂಕಿ ಅಂಟಿಸುತ್ತದೆ. ಹಳೆಯ ಕೊಂಡಿ ಹಳೆಯ ಕಡತವನ್ನೇ ತೋರಿಸುತ್ತಿರುತ್ತದೆ. ಪುಟವನ್ನೇ ಅಳಿಸಿದರೂ ಕಡತ ಉಳಿದಿರುತ್ತದೆ.

ಇದು ಸಣ್ಣ ವಿಷಯವಲ್ಲ. ಕಾಫಿ ಕಾಯಿಕೊರಕಕ್ಕೆ ಒಂದು ಕಾಲದಲ್ಲಿ ಎಂಡೋಸಲ್ಫಾನ್ ಸಿಂಪಡಿಸಲು ಹೇಳುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಅಂಥ ಹಳೆಯ ಕರಪತ್ರ ಮೂಲೆಯಲ್ಲಿ ಬಿದ್ದಿದ್ದರೆ ಗೂಗಲ್‌ನಲ್ಲಿ ಹುಡುಕುವ ಬೆಳೆಗಾರನ ಕೈಗೆ ಅದೇ ಸಿಗಬಹುದು, ಅದೂ ಸಂಘದ ಮೊಹರಿನೊಡನೆ. ಆದ್ದರಿಂದ ಹೊಸದನ್ನು ಏರಿಸಿ, ಪುಟದ ಕೊಂಡಿ ಬದಲಿಸಿ, ಬಳಿಕ 'ಮೀಡಿಯಾ' ವಿಭಾಗಕ್ಕೆ ಹೋಗಿ ಹಳೆಯದನ್ನು ಶಾಶ್ವತವಾಗಿ ಅಳಿಸಿರಿ. ವಾಟ್ಸಾಪಿನಲ್ಲಿ ಕಳಿಸುವಾಗಲೂ ಕಡತದ ವಿಳಾಸ ಬೇಡ, ಪುಟದ ವಿಳಾಸ ಕಳಿಸಿ. ಈಗಾಗಲೇ ಫೋನುಗಳಿಗೆ ಇಳಿದ ಪ್ರತಿಗಳನ್ನು ಯಾರೂ ಹಿಂದಕ್ಕೆ ಕರೆಯಲಾರರು. ಹಾಗಾಗಿ ಪ್ರತಿ ಕರಪತ್ರದ ಮೊದಲ ಪುಟದಲ್ಲೇ ತಿಂಗಳು, ವರ್ಷ ಅಚ್ಚಾಗಿರಬೇಕು.

ಇನ್ನು, ಸದಸ್ಯರ ಸಾಲದ ಪಟ್ಟಿ, ಆಧಾರ್, ಬ್ಯಾಂಕ್ ಖಾತೆಯ ಸಂಖ್ಯೆ ಇರುವ ಯಾವ ಕಾಗದವೂ ಈ ದಾರಿಯಲ್ಲಿ ಏರಕೂಡದು. ಪುಟ ಇನ್ನೂ ಕರಡಾಗಿದೆ, ಪ್ರಕಟವಾಗಿಲ್ಲ ಎಂಬ ಧೈರ್ಯ ಬೇಡ. ಪುಟಕ್ಕೆ ಗುಪ್ತಪದ ಹಾಕಿದರೂ, ಕಡತದ ವಿಳಾಸ ಸಿಕ್ಕವರಿಗೆ ಕಡತ ತೆರೆದೇ ಇರುತ್ತದೆ.

ಎಲ್ಲ ಮುಗಿದ ಮೇಲೆ ಕಚೇರಿಯ ಗಣಕದಲ್ಲಿ ನೋಡಿ ತೃಪ್ತರಾಗದೆ, ತೋಟದ ಮನೆಯಲ್ಲಿರುವ ಒಬ್ಬ ಸದಸ್ಯರಿಗೆ ಫೋನು ಮಾಡಿ, ಅವರ ಕೈಯಲ್ಲೇ ಇಳಿಸಿ ನೋಡಿಸಿರಿ. ಇಳಿಯದಿದ್ದರೆ ಕಡತವನ್ನು ಇನ್ನಷ್ಟು ಹಗುರ ಮಾಡಿ ಮತ್ತೆ ಏರಿಸಬೇಕು.