ಹೊಟ್ಟೆಯಡಿಯ ಬಾಗಿಲು

ಮೈಸೂರಿನ ಕುವೆಂಪುನಗರದ ಮನೆಯೊಂದರ ಮಹಡಿ ಕೋಣೆ. ಸ್ಪಂಜು ಹೊದಿಸಿದ ಮರದ ಸ್ಟ್ಯಾಂಡಿನ ಮೇಲೆ ಕೆಂಪು-ಬಿಳಿ ಜೆಟ್ಟೊಂದು ಅಂಗಾತ ಮಲಗಿದೆ. ದಸರೆಯಲ್ಲಿ ಬನ್ನಿಮಂಟಪದ ಮೇಲೆ ಹೊಗೆಯ ಗೆರೆ ಎಳೆಯುತ್ತ ಸಾಗಿದ ವಾಯುಪಡೆಯ ಸೂರ್ಯಕಿರಣ ತಂಡವನ್ನು ಕಂಡವರಿಗೆ ಅದರ ಗುರುತು ಹತ್ತುತ್ತದೆ. 1996ರಲ್ಲಿ ಬೀದರಿನಲ್ಲಿ ಕಿರಣ್ ವಿಮಾನಗಳೊಂದಿಗೆ ಶುರುವಾದ ಆ ತಂಡ ಈಗ ಹಾರಿಸುವುದು ಹಾಕ್ ವಿಮಾನಗಳನ್ನು. ಇಲ್ಲಿರುವುದು ಹಾಕ್‌ನ ಐದನೇ ಒಂದು ಅಳತೆಯ ಮಾದರಿ. ಆದರೂ ರೆಕ್ಕೆಯ ತುದಿಯಿಂದ ತುದಿಗೆ ಎರಡು ಮೀಟರಿಗೆ ಸ್ವಲ್ಪವೇ ಕಡಿಮೆ. ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಟರ್ಬೈನ್ ಇನ್ನೂ ಡಬ್ಬದಲ್ಲೇ ಇದೆ. ಇವತ್ತಿನ ಕೆಲಸ ಚಕ್ರದ ಗೂಡಿಗೆ ಬಾಗಿಲು ಕೂರಿಸುವುದು.

ಬಾಗಿಲಿಗೆ ಬೇರೆ ಹಾಳೆ ತರುವಂತಿಲ್ಲ. ಹೊಟ್ಟೆಯ ಫೈಬರ್‌ಗ್ಲಾಸ್ ಮೈಯಿಂದಲೇ ಕೊಯ್ದು ತೆಗೆದರೆ ಮಾತ್ರ ಬಾಗು ಬಾಗಿಗೆ ಕೂಡುತ್ತದೆ. ತೆಳ್ಳನೆಯ ಗರಗಸದ ಅಲಗು ಗೆರೆಯ ಮೇಲೆ ನಿಧಾನ ಹರಿಯುತ್ತದೆ. ಬಿಳಿ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್. ಮೈಸೂರಿನ ಬೀಟೆ ಮರದ ಕುಸುರಿಯವರು ತುಂಡನ್ನು ಕೂದಲೂ ತೂರದಂತೆ ಕೂರಿಸುವ ಹಾಗೆಯೇ ಇಲ್ಲೂ ಕಣ್ಣಳತೆ. ವ್ಯತ್ಯಾಸವೊಂದೇ: ಅವರ ತುಂಡು ಕೂತ ಮೇಲೆ ಅಲುಗಬಾರದು, ಇದು ಪ್ರತಿ ಹಾರಾಟದಲ್ಲೂ ತೆರೆದು ಮುಚ್ಚಬೇಕು. ಹಾಗಾಗಿ ಮಾದರಿ ಕಟ್ಟುವವರು ಅಂಚಿಗೆ ಉಪ್ಪುಕಾಗದ ಹಿಡಿದು ಸುತ್ತಲೂ ಒಂದಿಷ್ಟು ಸಂದು ಬಿಡುತ್ತಾರೆ. ಕೊಯ್ದ ತುಂಡು ಬಳುಕುತ್ತದೆ. ಬಳುಕಿದರೆ ವೇಗದ ಗಾಳಿ ಅದರ ಅಂಚನ್ನು ಹೊರಕ್ಕೆ ಸೆಳೆಯುತ್ತದೆ. ಅದಕ್ಕೇ ಒಳಮೈಗೆ ಪ್ಲೈವುಡ್ ಪಟ್ಟಿ, ಕಾರ್ಬನ್ ಕಡ್ಡಿಗಳ ಬಿಗಿ.

ಮುಂದಿನದು ಕೀಲು. ಹೊಟ್ಟೆ ಬಾಗಿರಬಹುದು, ಕೀಲುಗಳ ಅಕ್ಷ ಬಾಗಬಾರದು. ಒಂದೇ ಉಕ್ಕಿನ ತಂತಿಯನ್ನು ಎಲ್ಲ ಕೀಲುಗಳಿಗೂ ಪೋಣಿಸಿ ನೇರ ಮಾಡಿ, ಅಂಟು ನುಗ್ಗದಂತೆ ಪಿನ್ನುಗಳಿಗೆ ವ್ಯಾಸಲಿನ್ ಸವರುತ್ತಾರೆ. ಬಾಗಿಲನ್ನು ಅದರ ಜಾಗದಲ್ಲೇ ಹೊರಗಿನಿಂದ ಟೇಪು ಹಾಕಿ ನಿಲ್ಲಿಸಿ, ಒಳಗಿನಿಂದ ಎಪಾಕ್ಸಿ ಇಡುತ್ತಾರೆ. ರಾತ್ರಿಯೆಲ್ಲ ಅದನ್ನು ಮುಟ್ಟುವಂತಿಲ್ಲ.

ಬೆಳಿಗ್ಗೆ ಸೈಕಲ್ ಪಂಪಿನಿಂದ ಪುಟ್ಟ ಟ್ಯಾಂಕಿಗೆ ಗಾಳಿ ತುಂಬುತ್ತಾರೆ; ಚಕ್ರದ ಕಾಲನ್ನು ಎತ್ತಿ ಇಳಿಸುವುದು ಈ ಗಾಳಿಯೇ. ರಿಮೋಟಿನ ಗುಂಡಿ ಒತ್ತಿದರೆ ಮೊದಲು ಬಾಗಿಲು ತೆರೆಯಬೇಕು, ಆಮೇಲೆ ಕಾಲು ಇಳಿಯಬೇಕು. ಮುಚ್ಚುವಾಗ ತಿರುಗುಮುರುಗು. ಈ ಸರದಿ ನೋಡಿಕೊಳ್ಳುವುದು ಸೀಕ್ವೆನ್ಸರ್ ಎಂಬ ಬೆರಳಗಲದ ಸರ್ಕ್ಯೂಟ್.

‘ಅಂಕಲ್, ಎರಡೂ ಒಟ್ಟಿಗೇ ಹೊರಟ್ರೆ?’ ಪಕ್ಕದ ಮನೆಯ ಹುಡುಗನ ಪ್ರಶ್ನೆ.

‘ಚಕ್ರ ಬಂದು ಬಾಗಿಲನ್ನೇ ಒದೆಯುತ್ತೆ ಕಣೋ. ಒಳಗೇ ಸಿಕ್ಕಿಕೊಂಡ್ರೆ ಹೊಟ್ಟೆ ಉಜ್ಜಿಕೊಂಡೇ ಇಳೀಬೇಕು.’

ಅಂಗಾತ ಮಲಗಿಸಿದಾಗ ಎಲ್ಲವೂ ಸಲೀಸು. ಸರಿಯಾಗಿ ನಿಲ್ಲಿಸಿ ಚಕ್ರ ನೆಲ ಮುಟ್ಟದಂತೆ ಎತ್ತಿಟ್ಟಾಗಲೇ ನಿಜ ಬಯಲಾಗುವುದು: ಕಾಲನ್ನು ಈಗ ಭಾರದ ವಿರುದ್ಧ ಮೇಲೆತ್ತಬೇಕು, ಮುಚ್ಚಿದ ಬಾಗಿಲು ತನ್ನ ತೂಕಕ್ಕೇ ಜೋತುಬೀಳುತ್ತದೆ. ಬಾಗಿಲನ್ನು ಎಳೆಯುವ ಸರ್ವೊ ಮೋಟರಿನ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸು, ಮತ್ತೆ ಗುಂಡಿ ಒತ್ತು, ಸಂದು ನೋಡು. ಬೆಳಗು ಹೀಗೇ ಕಳೆಯುತ್ತದೆ.

ಹಾರಿಸುವ ಜಾಗಕ್ಕೂ ಲೆಕ್ಕವಿದೆ. 2021ರ ಡ್ರೋನ್ ನಿಯಮಗಳು ಮನರಂಜನೆಗಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ 25 ಕಿಲೊವರೆಗಿನ ಮಾದರಿಗಳನ್ನು ಬೇರೆಯಾಗಿ ಗುರುತಿಸಿವೆ. ಆದರೆ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ; ಮಂಡಕಳ್ಳಿ ನಿಲ್ದಾಣವಿರುವ ಮೈಸೂರಿನ ತೆಂಕಣ ಬಡಾವಣೆಗಳವರು ನಕ್ಷೆ ನೋಡಿಯೇ ಮೈದಾನ ಹುಡುಕಬೇಕು.

ಜೆಟ್ ಕಟ್ಟುವ ಆಸೆಯಿರುವ ಹುಡುಗರಿಗೆ ಒಂದು ಮಾತು: ಟರ್ಬೈನಿನ ಸದ್ದಿಗೆ ಆತುರಪಡಬೇಡಿ. ಟ್ಯಾಂಕಿನ ಗಾಳಿ ಇಳಿದಾಗಲೂ ಬಾಗಿಲು, ಕಾಲು ಎರಡೂ ಸರದಿ ತಪ್ಪದೆ ಚಲಿಸಿದರೆ ಮಾತ್ರ ವಿಮಾನವನ್ನು ಮೈದಾನಕ್ಕೆ ಒಯ್ಯಿರಿ.