‘ಮನೆಗೆ ಕರ್ಕೊಂಡು ಹೋಗಿ’ ಅಂದ ಮೇಲೆ

‘ಇನ್ನು ಇಲ್ಲಿ ಇಟ್ಕೊಂಡು ಪ್ರಯೋಜನ ಇಲ್ಲ. ಮನೆಗೆ ಕರ್ಕೊಂಡು ಹೋಗಿ, ಬಾಯಿಗೆ ಏನು ರುಚಿಸುತ್ತೋ ಕೊಡಿ.’ ಕ್ಯಾನ್ಸರ್ ವಾರ್ಡಿನ ಹೊರಗೆ ವೈದ್ಯರು ದನಿ ತಗ್ಗಿಸಿ ಆಡುವ ಈ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ನಡುರಾತ್ರಿ ನೋವು ಏರುತ್ತದೆ, ಹುಣ್ಣು ವಾಸನೆ ಹೊಡೆಯುತ್ತದೆ, ನೋಡಲು ಬಂದ ನೆಂಟರು ಬಾಗಿಲಲ್ಲೇ ನಿಂತು ಹೊರಡುತ್ತಾರೆ. ಉಳಿದಿರುವುದು ತಿಂಗಳೋ ವಾರವೋ. ಆ ದಿನಗಳನ್ನು ಕಳೆಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಬೆಂಗಳೂರಿನ ಮಾರತ್ತಹಳ್ಳಿ ಬಳಿ, ಕುಂದಲಹಳ್ಳಿ ಗೇಟಿನ ಹತ್ತಿರವಿರುವ ‘ಕರುಣಾಶ್ರಯ’ ಹುಟ್ಟಿದ್ದೇ ಈ ದಿನಗಳಿಗಾಗಿ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಸ್ಥಾಪಿಸಿದವು. ಕಟ್ಟಡ ಏಳುವ ಮೊದಲೇ ರೋಗಿಯ ಮನೆಗೆ ಹೋಗಿ ನೋಡಿಕೊಳ್ಳುವ ಸೇವೆ ಶುರುವಾಗಿತ್ತು. 1999ರಲ್ಲಿ ವಾರ್ಡುಗಳು ತೆರೆದವು. ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಇಲ್ಲಿ ಹಾಸಿಗೆ, ಔಷಧಿ, ಊಟ, ಆರೈಕೆ ಎಲ್ಲವೂ ಉಚಿತ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರ ವಿನ್ಯಾಸದಲ್ಲಿ ಕಲ್ಲಿನ ಗೋಡೆಯ ತಗ್ಗು ಕಟ್ಟಡಗಳು ನೀರು, ಗಿಡಗಳ ಕಡೆ ಮುಖ ಮಾಡಿ ನಿಂತಿವೆ. ತಿಂಗಳುಗಟ್ಟಲೆ ಆಸ್ಪತ್ರೆಯ ಸೂರು ನೋಡಿಕೊಂಡು ಮಲಗಿದ್ದವರಿಗೆ ಅದೇನೂ ಸಣ್ಣ ಸಂಗತಿಯಲ್ಲ.

ಹಾಸ್ಪಿಸ್ ಎಂದು ಕರೆಯುವ ಇಂಥ ತಾಣಗಳ ಮೂಲ ಹುಡುಕಿದರೆ ಲಂಡನ್ನಿಗೆ ಹೋಗಬೇಕು. ನರ್ಸ್ ಆಗಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ಹಟ ಹಿಡಿದು ವೈದ್ಯೆಯೂ ಆದ ಸಿಸಿಲಿ ಸಾಂಡರ್ಸ್ 1967ರಲ್ಲಿ ಅಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಭಾರತದ ಮೊದಲ ಹಾಸ್ಪಿಸ್, ಶಾಂತಿ ಆವೇದನಾ ಸದನ, ಮುಂಬಯಿಯಲ್ಲಿ ಆರಂಭವಾದದ್ದು 1986ರಲ್ಲಿ. ಸಾಯುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ನಂಬಿಕೆಯದು ಎಲ್ಲ ಹೆಣೆದುಕೊಂಡಿರುತ್ತದೆ ಎಂಬುದು ಸಾಂಡರ್ಸ್ ಕಂಡುಕೊಂಡ ಸತ್ಯ. ಆದರೆ ಶುರು ದೇಹದಿಂದಲೇ. ನೋವಿನಿಂದ ಒದ್ದಾಡುವವರ ಪಕ್ಕ ಕೂತು ಸಮಾಧಾನ ಹೇಳುವುದು ಕ್ರೌರ್ಯ. ನೋವು ಮರುಕಳಿಸುವವರೆಗೆ ಕಾಯದೆ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಕೊಟ್ಟರೆ ಎಷ್ಟೋ ಜನ ಎದ್ದು ಕೂತು ಮಾತಾಡುತ್ತಾರೆ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಕಾಗದಪತ್ರಕ್ಕೆ ಹೆದರಿ ಆಸ್ಪತ್ರೆಗಳು ಆ ಮಾತ್ರೆಯ ಸಹವಾಸವೇ ಬೇಡವೆಂದಿದ್ದವು. 2014ರ ತಿದ್ದುಪಡಿ ದಾರಿ ಸುಗಮಗೊಳಿಸಿತು. ‘ಚಟ ಹತ್ತುತ್ತೆ’ ಎಂಬ ಮನೆಯವರ ಭಯಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬಂದಿಲ್ಲ.

ನೋವು ಹಿಡಿತಕ್ಕೆ ಬಂದ ಮೇಲೆ ಆಪ್ತಸಮಾಲೋಚಕರ ಕೆಲಸ. ಇದು ಒಳ್ಳೆಯ ಮನಸ್ಸಿದ್ದರೆ ಸಾಕೆನ್ನುವ ಕೆಲಸವಲ್ಲ, ಕಲಿಯಬೇಕಾದ ಕಸುಬು. ಈ ಕ್ಷೇತ್ರದವರು ದಿನವೂ ಎದುರಿಸುವ ಗಂಟು ಒಂದಿದೆ. ಮಗ ಹೊರಗೆ ಕರೆದು ‘ಅಪ್ಪಂಗೆ ಹೇಳ್ಬೇಡಿ ಮೇಡಂ, ಎದೆ ಒಡ್ಕೊಂಡ್ಬಿಡ್ತಾರೆ’ ಎನ್ನುತ್ತಾನೆ. ಒಳಗೆ ಅಪ್ಪ, ‘ನಂಗೆ ಎಲ್ಲಾ ಗೊತ್ತು, ಹುಡುಗನಿಗೆ ಹೇಳ್ಬೇಡಿ’ ಎನ್ನುತ್ತಾರೆ. ಇಬ್ಬರೂ ಪ್ರೀತಿಯಿಂದಲೇ ನಾಟಕ ಆಡುತ್ತಿದ್ದಾರೆ. ಅದರಿಂದಾಗಿ ಸೈಟಿನ ಪತ್ರ ಎಲ್ಲಿದೆ, ಯಾರಿಗೆ ಎಷ್ಟು ಸಾಲ ಕೊಡಬೇಕು, ಇಪ್ಪತ್ತು ವರ್ಷದಿಂದ ಮಾತು ಬಿಟ್ಟ ತಮ್ಮನನ್ನು ಕರೆಸಬೇಕೇ ಎಂಬ ಮಾತುಗಳೆಲ್ಲ ಗಂಟಲಲ್ಲೇ ಉಳಿಯುತ್ತವೆ. ಸಮಾಲೋಚಕರು ಸತ್ಯವನ್ನು ತಂದು ತಲೆಯ ಮೇಲೆ ಸುರಿಯುವುದಿಲ್ಲ. ನಿಂತಲ್ಲೇ ಮಾತಾಡಿಸದೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ‘ಕಾಯಿಲೆ ಬಗ್ಗೆ ನಿಮಗೆ ಏನು ಅನ್ಸುತ್ತೆ?’ ಎಂದು ಕೇಳಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವುದೇ ಕಷ್ಟದ ಭಾಗ. ರೋಗಿ ತಾನಾಗಿ ಎಷ್ಟು ಬಾಗಿಲು ತೆರೆದರೋ ಅಷ್ಟೇ ಒಳಗೆ ಹೋಗುವುದು. ತೆರೆಯದಿದ್ದರೆ ಇನ್ನೊಂದು ದಿನ. ಮಗನಿಗೆ ಬೈಯುವುದೂ ಇಲ್ಲ. ಅವನ ಹೆದರಿಕೆ ಏನೆಂದು ಮೊದಲು ಕೇಳುತ್ತಾರೆ.

ಊಟದ್ದು ಇನ್ನೊಂದು ಸಂಕಟ. ನಮ್ಮ ಮನೆಗಳಲ್ಲಿ ಪ್ರೀತಿ ತೋರಿಸಲು ಇರುವ ದಾರಿ ಒಂದೇ, ಬಡಿಸುವುದು. ‘ಎರಡೇ ತುತ್ತು’ ಎಂದು ಸೊಸೆ ಗಂಜಿ ಹಿಡಿದು ಬಲವಂತ ಮಾಡುತ್ತಾಳೆ, ಅತ್ತೆ ಮುಖ ತಿರುಗಿಸುತ್ತಾರೆ. ಕೊನೆಯ ದಿನಗಳಲ್ಲಿ ದೇಹಕ್ಕೆ ಆಹಾರ ಬೇಡವಾಗುತ್ತದೆ, ತಿನ್ನದಿರುವುದು ಹಟವೂ ಅಲ್ಲ, ಸೊಸೆಯ ಸೋಲೂ ಅಲ್ಲ ಎಂದು ತಿಳಿಹೇಳುವವರು ಬೇಕು. ಒಣಗಿದ ತುಟಿಯನ್ನು ಒದ್ದೆ ಹತ್ತಿಯಿಂದ ಒರೆಸುವುದು, ಮಗ್ಗುಲು ಬದಲಿಸುವುದು, ಕಾಲು ನೀವುವುದನ್ನು ಕಲಿಸಿಕೊಟ್ಟರೆ ಆ ಕೈಗಳಿಗೂ ಕೆಲಸ ಸಿಗುತ್ತದೆ. ಮಾತು ನಿಂತವರಿಗೂ ಕೇಳಿಸುತ್ತಿರಬಹುದು, ಆದ್ದರಿಂದ ಹಾಸಿಗೆಯ ಪಕ್ಕ ಆಸ್ತಿ ಪಾಲಿನ ಚರ್ಚೆ ಬೇಡ ಎಂಬ ಎಚ್ಚರಿಕೆಯೂ ಇದರ ಜೊತೆಗೇ ಬರುತ್ತದೆ. ಅದರ ಅಗತ್ಯ ಆಗಾಗ ಬೀಳುತ್ತದೆ.

‘ಅಲ್ಲಿಗೆ ಹೋದರೆ ವಾಪಸ್ ಬರಲ್ಲ’ ಎಂಬ ಮಾತು ಹಾಸ್ಪಿಸ್‌ಗಳಿಗೆ ಅಂಟಿಕೊಂಡಿದೆ. ಅದು ಪೂರ್ತಿ ನಿಜವಲ್ಲ. ನೋವು, ವಾಂತಿ, ಉಬ್ಬಸ ತಹಬಂದಿಗೆ ಬಂದರೆ ಮನೆಗೆ ಮರಳುವವರಿದ್ದಾರೆ. ರಾತ್ರಿಯೆಲ್ಲ ಎಚ್ಚರವಿದ್ದು ಬಳಲಿದ ಮನೆಯವರಿಗೆ ನಾಲ್ಕು ದಿನ ನಿದ್ದೆ ಸಿಗಲೆಂದು ಬಂದು ಹೋಗುವವರಿದ್ದಾರೆ. ತೀರಾ ಕೊನೆಗೆ, ಪ್ರಜ್ಞೆ ತಪ್ಪಿದ ಮೇಲೆ ಕರೆತಂದರೆ ಈ ಆರೈಕೆಯ ಅರ್ಧ ಪಾಲು ವ್ಯರ್ಥ.

ಸ್ವಯಂಸೇವಕರಾಗಬೇಕೆಂದು ಬರುವವರಲ್ಲಿ ಕೆಲವರ ಬಳಿ ಉಪದೇಶ ಸಿದ್ಧವಿರುತ್ತದೆ: ಕರ್ಮ, ಮರುಜನ್ಮ, ದೇಹ ಬರೀ ಅಂಗಿ ಇತ್ಯಾದಿ. ಕೇಳದವರಿಗೆ ಇದನ್ನು ಹೇಳಬಾರದು ಎಂಬುದು ಅವರು ಕಲಿಯಬೇಕಾದ ಮೊದಲ ಪಾಠ. ರೋಗಿ ದೇವರ ವಿಷಯ ಎತ್ತಿದರೆ ದೇವರು, ಮೊಮ್ಮಗಳ ಪರೀಕ್ಷೆ ಎತ್ತಿದರೆ ಪರೀಕ್ಷೆ, ಕ್ರಿಕೆಟ್ ಸ್ಕೋರ್ ಕೇಳಿದರೆ ಸ್ಕೋರ್. ಗೊತ್ತಿಲ್ಲದಿದ್ದರೆ ವಿಚಾರಿಸಿಕೊಂಡು ಬಂದು ಹೇಳುವುದು.