ನಿಮಗಿದು ಗೊತ್ತೇ? ಹುಲ್ಲು ಹೊಸೆದು, ಗೋಧಿ ಬೀಸಿ ಕಳೆದ ಚಳಿಗಾಲ

● ಅಮೆರಿಕದ ಡಕೋಟಾ ಪ್ರಾಂತ್ಯಕ್ಕೆ 1880ರಲ್ಲಿ ಮೊದಲ ಹಿಮಬಿರುಗಾಳಿ ಅಪ್ಪಳಿಸಿದ್ದು ಅಕ್ಟೋಬರ್ ಮಧ್ಯದಲ್ಲೇ. ಚಳಿಗಾಲದ ಸಿದ್ಧತೆ ಯಾರದ್ದೂ ಮುಗಿದಿರಲಿಲ್ಲ.

● ಅಲ್ಲಿನ ಡಿ ಸ್ಮೆಟ್ ಊರು ಹುಟ್ಟಿದ್ದೇ ಆ ವರ್ಷ. ಸುತ್ತ ಮರವಿಲ್ಲದ ಹುಲ್ಲುಬಯಲು. ಹಿಟ್ಟು, ಕಲ್ಲಿದ್ದಲು, ಸೀಮೆಎಣ್ಣೆ ಎಲ್ಲಕ್ಕೂ ರೈಲೇ ಗತಿ. ಜನವರಿಯಲ್ಲಿ ನಿಂತ ರೈಲು ಮತ್ತೆ ಬಂದದ್ದು ಮೇ ತಿಂಗಳಲ್ಲಿ!

● ಹಳಿಗಾಗಿ ದಿಣ್ಣೆ ಕಡಿದಿದ್ದ ಕಡೆಯೆಲ್ಲ ಹಿಮ ತುಂಬಿಕೊಳ್ಳುತ್ತಿತ್ತು. ಆಳುಗಳು ಸಲಿಕೆಯಲ್ಲಿ ಎತ್ತಿ ಇಕ್ಕೆಲಕ್ಕೆ ಹಾಕಿದಷ್ಟೂ ಗೋಡೆ ಏರುತ್ತಿತ್ತು, ಮುಂದಿನ ಬಿರುಗಾಳಿಗೆ ಇನ್ನಷ್ಟು ಹಿಮ ಸೇರುತ್ತಿತ್ತು. ಮಾಡಿದ ಕೆಲಸವೇ ಮುಳುವಾಗುವುದೆಂದರೆ ಇದೇ. 1881ರ ಮಾರ್ಚ್ 29ರಂದು ದಕ್ಷಿಣ ಮಿನೆಸೋಟದಲ್ಲಿ ತೆಗೆದ ಫೋಟೋದಲ್ಲಿ ಹಿಮದೊಳಗೆ ಹೂತ ಎಂಜಿನ್, ಅದರ ಮೇಲೆ ನಿಂತ ಮನುಷ್ಯ ಎರಡನ್ನೂ ಈಗಲೂ ನೋಡಬಹುದು.

● ಕಲ್ಲಿದ್ದಲು ತೀರಿದ ಮೇಲೆ ಒಲೆಗೆ ಒಣಹುಲ್ಲೇ ಉರುವಲು. ಬಿಡಿ ಹುಲ್ಲು ಭಗ್ಗನೆ ಉರಿದು ಬೂದಿ. ಅದಕ್ಕೇ ಹಿಡಿಹಿಡಿಯಾಗಿ ತೆಗೆದು ಬಿಗಿಯಾಗಿ ಹೊಸೆದು, ನಡುವೆ ಮಡಿಸಿ, ತುದಿ ಸಿಕ್ಕಿಸಿ ಕೊರಡು ಮಾಡುತ್ತಿದ್ದರು. ಅದೂ ಬಹಳ ಹೊತ್ತು ಬಾಳದು. ಹಗಲೆಲ್ಲ ಯಾರಾದರೊಬ್ಬರು ಹೊಸೆಯುತ್ತಲೇ ಇರಬೇಕು, ಅಂಗೈ ತರಚಿದರೂ.

● ಹಿಟ್ಟು ಮುಗಿಯಿತು, ಇಡೀ ಗೋಧಿ ಇತ್ತು. ಬೀಸುವುದು ಯಾವುದರಲ್ಲಿ? ಕಾಫಿಬೀಜ ಪುಡಿಮಾಡುವ ಪುಟ್ಟ ಕೈಯಂತ್ರದಲ್ಲಿ! ಒಂದು ರೊಟ್ಟಿಯ ಹಿಟ್ಟಿಗೆ ಮನೆಮಂದಿಯೆಲ್ಲ ಸರದಿಯಲ್ಲಿ ಹಿಡಿ ತಿರುಗಿಸಬೇಕಿತ್ತು.

● ಆ ಚಳಿಗಾಲದಲ್ಲಿ ಇದೇ ಊರಿನಲ್ಲಿ ಹದಿನಾಲ್ಕಕ್ಕೆ ಕಾಲಿಟ್ಟ ಲಾರಾ ಇಂಗಲ್ಸ್ ಮುಂದೆ ಇದನ್ನೇ ಕಾದಂಬರಿ ಮಾಡಿದಳು: ‘ದ ಲಾಂಗ್ ವಿಂಟರ್’, 1940. ಅದರಲ್ಲಿ ಬಾರದ ಸಂಗತಿ ಒಂದಿದೆ. ಲಾರಾಳ ಮನೆಯಲ್ಲಿ ಆಗ ಇನ್ನೊಂದು ದಂಪತಿ, ಕೂಸಿನ ಸಮೇತ ತಳವೂರಿತ್ತು. ಲಾರಾಳ ಆತ್ಮಕಥೆ 2014ರಲ್ಲಿ ಅಚ್ಚಾದಾಗ ನೋಡಿದರೆ, ಅವರ ಬಗ್ಗೆ ಒಳ್ಳೆಯ ಮಾತೇ ಕಡಿಮೆ! ಇಕ್ಕಟ್ಟಿನಲ್ಲಿ ಅತಿಥಿಗಳೂ ಭಾರವೇ ತಾನೇ.

● ಊರಿನ ಗೋಧಿಯೂ ತೀರುತ್ತ ಬಂದಾಗ ಹಿಮ ದಾಟಿ ಗೋಧಿ ತಂದವರು ಇಬ್ಬರು ಯುವಕರು. ಅವರಲ್ಲಿ ಅಲ್ಮಾಂಜೊ ವೈಲ್ಡರ್, ಕಾದಂಬರಿಯ ಪ್ರಕಾರ, ತನ್ನ ಬಿತ್ತನೆಬೀಜವನ್ನು ಕಳ್ಳಗೋಡೆಯ ಹಿಂದೆ ಬಚ್ಚಿಟ್ಟಿದ್ದವನು. ಬೀಜ ಉಳಿಸಿಕೊಳ್ಳಲು ಪ್ರಾಣ ಪಣಕ್ಕಿಟ್ಟ ಜಾಣ! 1885ರಲ್ಲಿ ಲಾರಾ ಮದುವೆಯಾದದ್ದು ಇವನನ್ನೇ.

● ಹಿಮ ಕರಗತೊಡಗಿದರೂ ಕಾಟ ತಪ್ಪಲಿಲ್ಲ. 1881ರ ಮಾರ್ಚ್‌ನಲ್ಲಿ ಮಿಸೌರಿ ನದಿ ಉಕ್ಕಿ ಅದೇ ಪ್ರಾಂತ್ಯದ ವರ್ಮಿಲಿಯನ್ ಊರಿನ ಬಹುಪಾಲನ್ನು ಕೊಚ್ಚಿ ಒಯ್ದಿತು. ಜನ ನದಿದಂಡೆಯ ಸಹವಾಸ ಬಿಟ್ಟು ದಿಣ್ಣೆಯ ಮೇಲೆ ಊರು ಕಟ್ಟಿಕೊಂಡರು. ಇಂದಿಗೂ ಊರು ಅಲ್ಲೇ ಇದೆ.